ಎದುರುಮನೆಯ ಡಬ್ಬಿ

ಎದುರುಮನೆಯ ಜಲಜಾಕ್ಷಿಯವರ ಸ್ಟೀಲ್ ಡಬ್ಬಿ ಕೋಡುಬಳೆ ತುಂಬಿಕೊಂಡು ಸರ್ವಮಂಗಳಮ್ಮನ ಅಡುಗೆಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಕೋಡುಬಳೆ ಎರಡೇ ದಿನಕ್ಕೆ ಮುಗಿದಿತ್ತು.

"ನನ್ನನ್ನು ಮನೆಗೆ ಕಳಿಸುವುದು ಯಾವಾಗ?" ಎಂದು ಡಬ್ಬಿ ಬಾಣಲೆಯನ್ನು ಕೇಳಿತು.

"ಇನ್ನೊಬ್ಬರ ಡಬ್ಬಿಯನ್ನು ಖಾಲಿ ಕೊಡಬಾರದು. ಭಾನುವಾರ ನಮ್ಮ ಯಜಮಾನಿ ಏನಾದರೂ ಕರಿದು ತುಂಬಿಸುತ್ತಾರೆ."

"ಹೋದ ಭಾನುವಾರವೂ ಹೀಗೇ ಹೇಳಿದಿರಿ!"

"ಅವತ್ತು ಫ್ಯಾನ್ ಒರೆಸಿ ಅವರಿಗೆ ಸೊಂಟ ಹಿಡಿದುಕೊಂಡಿತು."

"ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸಿ."

"ಕೋಡುಬಳೆಗೆ ಬದಲು ಸಕ್ಕರೆಯೇ? ನಮ್ಮ ಮರ್ಯಾದೆ ಏನಾಗಬೇಕು?"

ಅಷ್ಟರಲ್ಲಿ ಜಲಜಾಕ್ಷಿಯವರೇ ಬಂದರು. ಡಬ್ಬಿಯ ಮುಚ್ಚಳ ಖುಷಿಯಿಂದ ಕುಣಿಯಿತು.

"ಮಂಗಳಮ್ಮ, ಆ ಡಬ್ಬಿ ಹಾಗೇ ಕೊಟ್ಟುಬಿಡಿ. ಬೇಳೆ ಹಾಕೋಕೆ ಡಬ್ಬಿ ಇಲ್ಲ."

"ಅಯ್ಯೋ, ಖಾಲಿ ಕೊಡೋದುಂಟಾ! ಭಾನುವಾರ ನಾನೇ ತಂದುಕೊಡ್ತೀನಿ."

"ಸರಿ ಬಿಡಿ. ನಿಪ್ಪಟ್ಟು ಮಾಡಿದ್ದೆ, ತಗೊಳ್ಳಿ," ಎಂದು ಅವರು ಇನ್ನೊಂದು ಡಬ್ಬಿ ಕೈಗಿಟ್ಟು ಹೋದರು.

ಮೂರನೇ ದಿನ ನಿಪ್ಪಟ್ಟೂ ಮುಗಿಯಿತು. ಹೊಸ ಡಬ್ಬಿ ಗಾಬರಿಯಿಂದ ಕೇಳಿತು, "ಅಣ್ಣಾ, ನಾವು ಮನೆಗೆ ಹೋಗುವುದು ಯಾವಾಗ?"

ಹಳೆಯ ಡಬ್ಬಿ ಸ್ವಲ್ಪ ಸರಿದು ಜಾಗ ಬಿಟ್ಟಿತು.

"ಖಾಲಿ ಹೋಗುವುದು ಮರ್ಯಾದೆಯಲ್ಲ ತಮ್ಮಾ. ಭಾನುವಾರ ನೋಡೋಣ."