ಹಾಳೆಗೊಂದು ರುಜು

ಒಂದು ಕಚೇರಿಯ ಕಂಪ್ಯೂಟರಿಗೆ ಫೈರ್‌ವಾಲ್ ಅಂತ ಕಾವಲುಗಾರ. ಇಂಟರ್ನೆಟ್ಟಿನಿಂದ ಬಂದು ಬಾಗಿಲು ತಟ್ಟಿದವರನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆದಿಡುತ್ತಿದ್ದ. ಗುಮಾಸ್ತೆ ಗುರವ್ವ ಕಂಪ್ಯೂಟರೇ ಸೋಸುವಂತೆ ಪುಟ್ಟ ಸ್ಕ್ರಿಪ್ಟ್ ಬರೆದು, ಆ ಸಾವಿರಾರು ಸಾಲಿನ ರಾಶಿಯನ್ನು ಮುಖ್ಯವಾದ ನಾಲ್ಕೇ ಸಾಲಿಗೆ ಇಳಿಸಿ ಸಾಹೇಬರ ಮುಂದಿಟ್ಟು, ತಂಗಿಯ ಮದುವೆಗೆ ರಜೆ ಕೇಳಿದಳು.

"ಇಷ್ಟೇ ಏನವಾ ಕೆಲಸ? ಎಲ್ಲಾ ಅಚ್ಚು ಹಾಕಿ ತಾ. ಅಲ್ಲೀತನಕ ತಂಗಿ ಮದುವಿಗೆ ರಜೆ ಇಲ್ಲ!"

ಗುರವ್ವನ ತಲೆ ಚಿಟ್ಟು ಹಿಡಿಯಿತು. ಜರಡಿ ಹಿಡಿದ ಹಿಟ್ಟು ಕೊಟ್ಟರೆ, ಹೊಟ್ಟು ಎಲ್ಲಿ ಅಂತಾನಲ್ಲ ಈ ಮಹಾರಾಯ! ಎಲ್ಲಾ ಅಚ್ಚು ಹಾಕಿ, ಕೈಗಾಡಿ ತುಂಬ ಕಾಗದ ತಂದು ಸಾಹೇಬರ ಮುಂದೆ ಸುರಿದಳು.

"ಹಾಳೆಹಾಳೆಗೂ ನಿಮ್ಮ ರುಜು ಬೀಳಬೇಕ್ರೀ. ನೀವೇ ಮಾಡಿದ ಕಾನೂನು."

ಸಾಹೇಬರು ಗೀಚಿದರು, ಗೀಚಿದರು. ಊಟದ ಹೊತ್ತಿಗೆ ಹೆಬ್ಬೆರಳು ಊದಿ ಬದನೆಕಾಯಿ ಆಯಿತು.

"ಗುರವ್ವಾ, ಆ ನಾಲ್ಕು ಸಾಲಿನ ಕಾಗದ ಎಲ್ಲೈತವ್ವಾ?"

"ಇಲ್ಲೇ ಐತ್ರೀ. ಒಂದೇ ರುಜು." ಅದರ ಕೆಳಗೆ ರಜೆ ಅರ್ಜಿಯನ್ನೂ ಸರಿಸಿದಳು. "ಇದಕ್ಕೂ ಒಂದೇ, ಸಾಹೇಬ್ರ."