ಮೋಡದಲ್ಲಿ ಕರಗುವ ಗುಂಡು

"ಮ್ಯಾಲ ಹಾರಿಸಿದ ಗುಂಡು ಮೋಡದಾಗ ಕರಗಿ ಹೋಗ್ತದ ಸಂಕವ್ವ. ಕೆಳಗ ಬರೂದಿಲ್ಲ," ಎಂದರು ಬಸವಂತರಾಯ ದೇಸಾಯರು.

ಕುಂಬಾರ ಸಂಕವ್ವ ಅಂಗೈ ಬಿಚ್ಚಿದಳು. ಅದರಲ್ಲಿ ಗೋಲಿಯಷ್ಟು ದಪ್ಪದ ಸೀಸದ ಗುಂಡಿತ್ತು. ಆ ಬೆಳಿಗ್ಗೆ ಅದು ಅವಳ ಮನೆಯ ಹೆಂಚು ಒಡೆದು, ಮೊಮ್ಮಗಳ ತೊಟ್ಟಿಲ ತಳವನ್ನು ತೂತು ಮಾಡಿ ನೆಲ ಸೇರಿತ್ತು. ಹಾಲೂಡಿಸಲೆಂದು ಸೊಸೆ ಆಗತಾನೇ ಕೂಸನ್ನು ಎತ್ತಿಕೊಂಡಿದ್ದಳು.

"ಇದು ನಿಮ್ಮ ಕುಂಬಾರ ಮಣ್ಣಾಗ ಸಿಕ್ಕಿರಬೇಕು," ಎಂದು ದೇಸಾಯರು ಮೀಸೆ ತಿರುವಿದರು.

ದೇಸಾಯರಿಗೆ ಬಂದೂಕಿನ ಹುಚ್ಚು. ಮನೆಯಲ್ಲಿ ಮದುವೆಯಾದರೆ ಇಪ್ಪತ್ತು ಗುಂಡು ಹಾರಬೇಕು. ಮೊಮ್ಮಗನಿಗೆ ಹಲ್ಲು ಬಂದರೆ ಹಲ್ಲಿಗೊಂದು. ಎಮ್ಮೆ ಈದರೆ ಮೂರು, ಹೆಣ್ಣುಗರುವಾದರೆ ಐದು. ಆ ಬೆಳಿಗ್ಗೆ ಹೆಣ್ಣುಗರುವೇ ಹುಟ್ಟಿತ್ತು. ದೇಸಾಯರ ಮನೆಯಲ್ಲಿ ಸಂತೋಷವಾಯಿತೆಂದರೆ ನೆಲ್ಲಿಹಾಳದ ಜನ ಮಂಚದ ಕೆಳಗೆ ತೂರುತ್ತಿದ್ದರು.

ಊರೊಳಗೆ ಗುಂಡು ಹಾರಿಸಬಾರದೆಂದು ಕಾಯಿದೆ ಮಾಡಬೇಕಾದವರು ಹೊಸಗಿರಿಯ ಮಹಾರಾಜರು. ಆದರೆ ಕಾಯಿದೆಯನ್ನು ಕೇಳಬೇಕಾದವನು ಹೋಬಳಿಯ ಜನ ಆರಿಸಿ ಕಳಿಸಿದ ಪ್ರತಿನಿಧಿ. ನೆಲ್ಲಿಹಾಳದ ಪ್ರತಿನಿಧಿ ಯಾರು? ಇದೇ ದೇಸಾಯರು. ಅದರ ಮೇಲೆ ಇನ್ನೊಂದು ಕಟ್ಟಳೆ ಬೇರೆ. ಪ್ರತಿನಿಧಿಗಳು ಅವರಿವರು ಹೇಳಿದ್ದನ್ನೆಲ್ಲ ಸಭೆಯಲ್ಲಿ ಕೊರೆದು ಕೊರೆದು ಮಹಾರಾಜರಿಗೆ ತೂಕಡಿಕೆ ಬರಿಸುತ್ತಿದ್ದರಂತೆ. ಅಂದಿನಿಂದ ಪ್ರತಿನಿಧಿಯಾದವನು ಕಣ್ಣಾರೆ ಕಂಡ ಕಷ್ಟವನ್ನು ಮಾತ್ರ ಸಭೆಯಲ್ಲಿ ಹೇಳಬೇಕೆಂದು ಅಪ್ಪಣೆಯಾಗಿತ್ತು.

"ನಾ ಕಣ್ಣಾರೆ ಕಂಡಿಲ್ಲ. ಕಾಣದ್ದನ್ನ ಕಂಡೀನಿ ಅಂತ ಪ್ರಮಾಣ ಮಾಡ್ಲೇನು?" ಎಂದು ದೇಸಾಯರು ಒಳಗೆದ್ದು ಹೋದರು.

ಗುಂಡು ನಿಲ್ಲಿಸಬೇಕೆಂದು ಸಂಕವ್ವ ಈ ಮೂರು ವರ್ಷದಲ್ಲಿ ದೇಸಾಯರಿಗೆ ಮೂರು ಅರ್ಜಿ ಬರೆಸಿ ಕೊಟ್ಟಿದ್ದಳು. ಮೊದಲನೆಯದು ಹೆಬ್ಬೆಟ್ಟು ಓರೆಯಾಗಿದೆಯೆಂದು ವಾಪಸು ಬಂತು. ಎರಡನೆಯದು ಪರಿಶೀಲನೆಯಲ್ಲಿದೆಯೆಂದರು, ಇನ್ನೂ ಅಲ್ಲೇ ಇದೆ. ಮೂರನೆಯದನ್ನು ದೇಸಾಯರ ಆಳುಗಳು ಬಂದೂಕಿನ ನಳಿಗೆಯಲ್ಲಿ ಮದ್ದಿನ ಮೇಲೆ ತುರುಕಿ ಹಾರಿಸಿದರು. ಅದರ ಅರೆಸುಟ್ಟ ಚೂರು ಅವಳ ಅಂಗಳಕ್ಕೇ ಬಂದು ಬಿತ್ತು. ಅರ್ಜಿಗೆ ಅಷ್ಟು ಬೇಗ ಉತ್ತರ ಬಂದದ್ದು ಅದೊಂದೇ ಸಲ.

ನಾಲ್ಕನೆಯ ಅರ್ಜಿಯನ್ನು ಅವಳು ಕಾಗದದ ಮೇಲೆ ಬರೆಸಲಿಲ್ಲ.

ಮುಂದಿನ ತಿಂಗಳು ಮಹಾರಾಜರು ನೆಲ್ಲಿಹಾಳಕ್ಕೆ ಬರುವವರಿದ್ದರು. ದೇಸಾಯರು ಐವತ್ತೊಂದು ಗುಂಡಿನ ಸ್ವಾಗತಕ್ಕೆ ಸಿದ್ಧತೆ ನಡೆಸಿದ್ದರು. ಸಂಕವ್ವ ಹೋಗಿ ಕೈಮುಗಿದಳು.

"ಧಣ್ಯಾರ, ಕುರ್ಚಿ ಹಾಕೂ ಕೆಲಸ ನಮ್ಮ ಓಣಿಗೆ ಬಿಡ್ರಿ. ಮಹಾರಾಜರು ಕಲ್ಲಿನ ಮಂಟಪದಾಗ ಕೂಡ್ಲಿ. ನಿಮಗ ಬಯಲ ನಡುವ ಎತ್ತರದ ಕಟ್ಟಿ ಕಟ್ಟತೀವಿ. ಎಲ್ಲಾರ ಕಣ್ಣು ನಿಮ್ಮ ಮ್ಯಾಲ ಇರಬೇಕು."

"ಚಪ್ಪರ?"

"ಚಪ್ಪರ ಯಾಕ್ರಿ? ಬಿಸಿಲು ಬಿದ್ರ ನಿಮ್ಮ ಜರಿ ರುಮಾಲು ಎಷ್ಟು ಮಿಂಚತೈತಿ."

ದೇಸಾಯರು ಉಬ್ಬಿಹೋದರು. ಇಷ್ಟು ದಿನ ಈ ಮುದುಕಿಯನ್ನು ತಪ್ಪು ತಿಳಿದಿದ್ದೆನಲ್ಲ ಎಂದು ಮನಸ್ಸಿನಲ್ಲೇ ನೊಂದುಕೊಂಡರು.

ಆ ದಿನ ಬಂತು. ಮಹಾರಾಜರು ಮಂಟಪದಲ್ಲಿ ಕುಳಿತು ಬಯಲ ಕಡೆ ನೋಡಿದರೆ ಊರಿಗೆ ಊರೇ ತಲೆಯ ಮೇಲೆ ಮಡಕೆ ಬೋರಲು ಹಾಕಿಕೊಂಡು ನಿಂತಿದೆ. ಮುದುಕರಿಗೆ ದೊಡ್ಡ ಮಡಕೆ, ಮಕ್ಕಳಿಗೆ ಕುಡಿಕೆ. ಸಾಲಾಗಿ ನಿಂತ ಬಂದೂಕಿನ ಆಳುಗಳ ತಲೆಯ ಮೇಲೂ ಮಡಕೆ. ಬರಿ ರುಮಾಲಿನಲ್ಲಿ ಕುಳಿತವರು ದೇಸಾಯರೊಬ್ಬರೇ.

"ಇದೇನು, ನಿಮ್ಮ ಊರಿನ ಪದ್ಧತಿಯೆ?" ಎಂದು ಮಹಾರಾಜರು ಕೇಳಿದರು.

ಸಂಕವ್ವ ತನ್ನ ಮಡಕೆ ಸರಿಮಾಡಿಕೊಂಡು ಮುಂದೆ ಬಂದಳು. "ಹೌದ್ರಿ ಮಹಾಸ್ವಾಮಿ. ಗುಂಡು ಹಾರೂ ದಿನ ಹಿಂಗ ಇರ್ತೀವಿ."

"ಮಡಕೆ ಗುಂಡನ್ನು ತಡೆಯುತ್ತದೆಯೆ?"

"ತಡಿಯೂದಿಲ್ರಿ. ಒಡದ ಸಪ್ಪಳಕ್ಕ ಯಾರ ಮ್ಯಾಲ ಬಿತ್ತು ಅಂತ ಗೊತ್ತಾಗ್ತೈತಿ."

ಮಹಾರಾಜರ ಹುಬ್ಬು ಮೇಲೇರಿತು. "ಹಾಗಾದರೆ ನಿಮ್ಮ ಪ್ರತಿನಿಧಿಗೆ ಯಾಕೆ ಮಡಕೆ ಇಲ್ಲ?"

"ಅವರಿಗೆ ಬ್ಯಾಡ್ರಿ. ಗುಂಡು ಮೋಡದಾಗ ಕರಗ್ತಾವಂತ ಅವರಽ ಹೇಳ್ಯಾರ. ಇದೊಂದು ಮಾತ್ರ ಕರಗೂದು ಮರತು ನಮ್ಮ ಕೂಸಿನ ತೊಟ್ಟಿಲಿಗೆ ಬಿದ್ದಿತ್ತು." ಸೀಸದ ಗುಂಡನ್ನು ಅವಳು ಮಹಾರಾಜರ ಮುಂದಿಟ್ಟಳು.

ಮಹಾರಾಜರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ದೇಸಾಯರ ಕಡೆ ತಿರುಗಿ, "ದೇಸಾಯರೇ, ಆರಂಭವಾಗಲಿ. ಐವತ್ತೊಂದೂ ನೇರ ನಿಮ್ಮ ನೆತ್ತಿಯ ಮೇಲಕ್ಕೇ ಹಾರಲಿ," ಎಂದರು.

ದೇಸಾಯರು ಮೇಲೆ ನೋಡಿದರು. ಆಕಾಶ ತೊಳೆದಿಟ್ಟ ಹಾಗಿತ್ತು. ಗುಂಡು ಕರಗಿಸಲು ಒಂದು ತುಣುಕು ಮೋಡವೂ ಇರಲಿಲ್ಲ. ಆಳುಗಳು ಬಂದೂಕು ಮೇಲೆತ್ತಿದರು. ದೇಸಾಯರ ಕೈ ತಾನಾಗಿ ರುಮಾಲಿನ ಮೇಲೆ ಹೋಯಿತು.

"ತಡೀರಿ, ತಡೀರಿ," ಎಂದು ಕಟ್ಟೆಯಿಂದ ಧುಮುಕಿ, ಓಡಿ ಬಂದು ಮಂಟಪ ಸೇರಿದರು. "ಮಹಾಪ್ರಭು, ಊರಾಗ ಗುಂಡು ಹಾರಸೂದು ನಿಲ್ಲಬೇಕು. ಕಾಯಿದೆ ಆಗಬೇಕು. ಪ್ರತಿನಿಧಿಯಾಗಿ ನಾನಽ ಕೇಳಾಕತ್ತೀನಿ."

"ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು, ನೆನಪಿದೆಯೆ?"

"ಕಂಡೀನ್ರಿ. ಗುಂಡು ಕೆಳಗ ಬೀಳೂದನ್ನ ಈ ಎರಡೂ ಕಣ್ಣಿಂದ ಕಂಡೀನಿ."

"ಯಾವಾಗ?"

"ಈಗ, ಆ ಕಟ್ಟಿ ಮ್ಯಾಲ ಕುಂತಾಗ."

ಸಂಕವ್ವ ತಲೆಯ ಮೇಲಿನ ಮಡಕೆ ಇಳಿಸಿ ಕಂಕುಳಲ್ಲಿಟ್ಟುಕೊಂಡಳು.

"ನಮ್ಮ ಪ್ರತಿನಿಧಿ ಕಣ್ಣು ಭಾಳ ಚುರುಕು ಮಹಾಸ್ವಾಮಿ," ಎಂದಳು. "ಮೂರು ವರ್ಷ ಬಿದ್ದ ಗುಂಡು ಒಂದೂ ಕಾಣಲಿಲ್ಲ. ಇವತ್ತು ಹಾರದಽ ಇದ್ದ ಗುಂಡು ಬೀಳೂದನ್ನ ಕಂಡುಬಿಟ್ರು."

ಮಹಾರಾಜರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಯಿದೆಗೆ ಅಲ್ಲೇ ಮೊಹರು ಬಿತ್ತು. ಏನು ಬೇಕೋ ಕೇಳು ಎಂದಾಗ ಸಂಕವ್ವ ಕೂಸಿಗೊಂದು ತೊಟ್ಟಿಲು ಕೇಳಿದಳು. ಅರಮನೆಯಿಂದ ಬೀಟೆ ಮರದ ತೊಟ್ಟಿಲು ಬಂತು, ಹೊತ್ತು ತಂದವರು ದೇಸಾಯರ ಬಂದೂಕಿನ ಆಳುಗಳೇ. ಅವರಿಗೆ ಈಗ ಬೇರೆ ಕೆಲಸವಿರಲಿಲ್ಲ.