ಸೋಮವಾರವೇ ಬರೆದಿಟ್ಟ ಶುಕ್ರವಾರ

ಒಂದು ಅಂಗನವಾಡಿ. ಅಲ್ಲಿ ಮೇಜಿನ ಮೇಲೆ ಚಟುವಟಿಕೆ ಪುಸ್ತಕ, ಕಿಟಕಿಯಲ್ಲಿ ಬಟ್ಟೆಗೊಂಬೆ. ವಾರವಿಡೀ ಏನು ಕಲಿಸಬೇಕು ಎಂಬುದರ ಜೊತೆಗೆ, ಮಕ್ಕಳು ಏನೇನು ಮಾಡಿದರು ಎಂಬುದನ್ನೂ ನೀಲಮ್ಮ ಟೀಚರ್ ಸೋಮವಾರವೇ ಬರೆದು ಕೈತೊಳೆದುಕೊಂಡಿದ್ದರು.

ಗೊಂಬೆಗೆ ಇದು ಸರಿಬರಲಿಲ್ಲ. "ಪುಸ್ತಕರಾಯರೇ, ಗುರುವಾರ ಇನ್ನೂ ಬಂದೇ ಇಲ್ಲ. ಮಕ್ಕಳು ಜೇಡಿಮಣ್ಣಿನ ಆನೆ ಮಾಡಿ ನಕ್ಕರೆಂದು ಹೇಗೆ ಬರೆಸಿಕೊಂಡಿರಿ?"

"ನನ್ನಲ್ಲಿ ಬರೆದದ್ದು ಆಗಿಯೇ ತೀರುತ್ತದೆ," ಎಂದಿತು ಪುಸ್ತಕ. "ಮಕ್ಕಳನ್ನು ಕೇಳಿಕೊಂಡು ಕೂತರೆ ಪಾಠ ಸಾಗಿದ ಹಾಗೇ!"

ಗುರುವಾರ ಪುಟ್ಟ ಚಂಪಾ ಜೇಡಿಮಣ್ಣು ಬಿಟ್ಟು ಇರುವೆಸಾಲಿನ ಹಿಂದೆ ಹೊರಟಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಅವಳ ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ಹನ್ನೆರಡು ಮಕ್ಕಳೂ ಒಂದೇ ಅಳತೆಯ ಹನ್ನೆರಡು ಆನೆ ಮಾಡಿದರು, ಒಟ್ಟಿಗೆ ನಕ್ಕರು. ಊಟದ ಹೊತ್ತಿಗೂ ಆ ನಗು ಮುಖದಿಂದ ಇಳಿಯಲಿಲ್ಲ. ಅಂಥ ನಗು ಗೊಂಬೆಗೆ ಗೊತ್ತಿತ್ತು. ಅದರ ಮುಖದಲ್ಲೂ ಅದನ್ನೇ ಕೆಂಪು ದಾರದಿಂದ ಹೊಲಿದಿದ್ದರು.

ಶುಕ್ರವಾರದ ಸಾಲು ಹೀಗಿತ್ತು: 'ಮಕ್ಕಳು ಅಲುಗಾಡದೆ ಕುಳಿತು ಕಥೆ ಕೇಳಿದರು.' ಹಾಗೆಯೇ ಕುಳಿತರು, ಕೇಳಿದರು. ಕಥೆ ಮುಗಿಯಿತು.

"ಏಳಿ ಮಕ್ಕಳೇ, ಅಮ್ಮಂದಿರು ಬಂದಿದ್ದಾರೆ," ಎಂದರು ಟೀಚರ್.

ಒಬ್ಬರೂ ಏಳಲಿಲ್ಲ. ಬಾಗಿಲಲ್ಲಿ ನಿಂತ ಚಂಪಾಳ ತಾಯಿ ಮಗಳ ಹೆಸರು ಹಿಡಿದು ಕೂಗಿದಳು. ಚಂಪಾ ನಗುತ್ತಲೇ ಇದ್ದಳು. ರೆಪ್ಪೆ ಮಾತ್ರ ಬಡಿಯಲಿಲ್ಲ.

"ಪುಸ್ತಕರಾಯರೇ," ಗೊಂಬೆ ಪಿಸುಗುಟ್ಟಿತು, "ಮಕ್ಕಳು ಎದ್ದರು ಎಂದು ಎಲ್ಲಿ ಬರೆದಿದೆ?"

ಗಾಳಿಯಿಲ್ಲದ ಕೋಣೆಯಲ್ಲಿ ಪುಸ್ತಕ ತನ್ನ ಹಾಳೆಗಳನ್ನೆಲ್ಲ ತಡಕಾಡಿತು.

"ಅದನ್ನು ಬರೆದೇ ಇಲ್ಲ," ಎಂದಿತು.